ಚೊಗರು ಬಳಿದ ಗಿಟಾರು

ಯಾವ ವಸ್ತು ಕೈಗೆ ಸಿಕ್ಕರೂ ಮೊದಲು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದು ಅವರ ಅಭ್ಯಾಸ. ತೆಂಗಿನಕಾಯಿ, ಹಲಸಿನಹಣ್ಣು, ಮಡಕೆ ಆದರೆ ಸರಿ. ಹೊಸದಾಗಿ ಕಟ್ಟಿದ ಗೋಡೆ, ಬಸ್ಸಿನ ಸೀಟು, ಪಾತ್ರೆ ಅಂಗಡಿಯ ಕುಕ್ಕರು, ಕೊನೆಗೆ ಮನುಷ್ಯರ ಬೆನ್ನನ್ನೂ ಅವರು ಬಿಡುತ್ತಿರಲಿಲ್ಲ. ನೊಣವಿನಕೆರೆಯ ಪಶು ಆಸ್ಪತ್ರೆಗೆ ಡಾಕ್ಟರಾಗಿ ವರ್ಗವಾಗಿ ಬಂದ ನಾನು ಅವರ ಮಹಡಿ ಮನೆಯನ್ನು ಬಾಡಿಗೆಗೆ ಕೇಳಲು ಹೋದ ದಿನ, ಊರು ಯಾವುದು, ಅಪ್ಪ ಅಮ್ಮ ಏನು ಮಾಡುತ್ತಾರೆ ಎಂದು ವಿಚಾರಿಸುವ ಮೊದಲೇ ನನ್ನ ಬೆನ್ನಿಗೆ ಎರಡು ಸಲ ತಟ್ಟಿ, "ಬಲ್ತಿದ್ದೀಯ ಬುಡು. ದನ ಹಿಡಿಯಕ್ಕೆ ಆಯ್ತದೆ" ಎಂದರು. ಮನೆ ಸಿಕ್ಕಿತು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಈ ಆಷಾಢದಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಹಾಲು ಕರೆದು, ಪೂಜೆ ಮುಗಿಸಿ, ಕಾಫಿ ಕುಡಿದು, ಜಗಲಿಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಶಿವಗಣಾರಾಧನೆಗೆ ನಾನು ಈಗಿರುವ ಹಾಸನದಿಂದ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಕೂತವರೆಲ್ಲ ಅವರ ಮಾತುಗಳನ್ನು ನೆನೆದು ನೆನೆದು ನಗುತ್ತಿದ್ದರು. ಸಾವಿನ ಮನೆಯಲ್ಲಿ ಹಾಗೆ ನಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಯಾರೋ ನೆಂಟರು ಪ್ರೀತಿಯಿಂದ ಲಗ್ನಪತ್ರಿಕೆಯಲ್ಲಿ ಅವರ ಹೆಸರು ಹಾಕಿಸಿದ್ದಕ್ಕೆ, "ನನ್ನ ಹೆಸ್ರನ್ನ ಬೀದಿ ಬೀದಿಗೆ ಹಂಚವ್ರೆ" ಎಂದು ಸಿಟ್ಟಾಗಿ ಆ ಮದುವೆಗೇ ಹೋಗಿರಲಿಲ್ಲ. ಊರಿಗೆಲ್ಲ ಅವರು ಅಮ್ಮ. ನನಗೂ ಅಮ್ಮ.

ಗಂಡ ಹೋದಾಗ ಮಗಳು ಇನ್ನೂ ಸ್ಕೂಲಿನಲ್ಲಿದ್ದಳಂತೆ. ಅಂದಿನಿಂದ ತೆಂಗಿನ ತೋಟ, ಮೂಲೆಯ ಅಡಿಕೆ, ಎರಡು ಹಸು, ಒಂದು ಎಮ್ಮೆ ಎಲ್ಲವನ್ನೂ ಒಬ್ಬರೇ ನೋಡಿಕೊಂಡಿದ್ದರು. ಮಗಳು ಈಗ ತುಮಕೂರಿನಲ್ಲಿ ಟೀಚರು. ತಿಂಗಳಿಗೊಮ್ಮೆಯಾದರೂ ಬಂದು ಹೋಗುವವಳು. ಅಮ್ಮನಿಗೆ ಒಂಟಿತನ ಎಂಬ ಮಾತು ಗೊತ್ತೇ ಇರಲಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ಜಗಲಿಗೆ ಬಂದು ಒಂದು ಮಾತಾಡಿಯೇ ಮುಂದೆ ಹೋಗಬೇಕು. ತಿಪಟೂರಿನ ಬಸ್ಸು ಮನೆಯ ಮುಂದೆಯೇ ನಿಲ್ಲುತ್ತಿತ್ತು. ಇಳಿದವರ ಚೀಲ ನೋಡಿ ಅವರ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ಹೇಳುತ್ತಿದ್ದರು.

ಶಿವಪೂಜೆಯಾಗದೆ ನೀರೂ ಮುಟ್ಟದ ಅವರು, ಒಂದು ಶನಿವಾರ ನನ್ನನ್ನು ಎಳೆದುಕೊಂಡು ಹತ್ತಿರದ ಸಂಪಿಗೆ ಊರಿನ ಶ್ರೀನಿವಾಸನ ಗುಡಿಗೆ ಹೋಗಿದ್ದರು. ಹಣೆ ತುಂಬ ವಿಭೂತಿ ಇಟ್ಟುಕೊಂಡು ಸಾಲಿನಲ್ಲಿ ನಿಂತ ಇವರನ್ನು ಹಿಂದಿದ್ದ ಹೆಂಗಸೊಬ್ಬರು ದಿಟ್ಟಿಸಿ ನೋಡುತ್ತಿದ್ದರು. ಅಮ್ಮ ತಿರುಗಿ, "ಯಾಕವ್ವ ಹಂಗ್ ನೋಡ್ತೀಯ? ನಮ್ಮೋನಿಗೆ ಹೇಳೇ ಬಂದಿದ್ದೀನಿ" ಎಂದರು. ಆಮೇಲೆ ನನ್ನ ಕಿವಿಯಲ್ಲಿ, "ಇಲ್ಲಿ ಪುಳಿಯೋಗರೆ ಚೆನ್ನಾಗಿರ್ತದೆ" ಎಂದರು.

ನಾನು ಆ ಮನೆಗೆ ಬಂದ ಮರುವರ್ಷದ ಮಳೆಗಾಲದಲ್ಲಿ ಅವರು ತೋಟದಲ್ಲಿ ಒದ್ದೆ ಸೋಗೆಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ತಿಪಟೂರಿನಲ್ಲಿ ಬ್ಯಾಂಡೇಜು ಹಾಕಿಸಿಕೊಂಡು ಬಂದರು. ಅದನ್ನು ಬಿಚ್ಚಿದಾಗ ಮೂಳೆ ಸರಿಯಾಗಿ ಕೂಡಿತ್ತು, ಆದರೆ ಕೈ ಮರಗಟ್ಟಿತ್ತು. ಬೆರಳುಗಳು ಪೂರ್ತಿ ಮಡಚುತ್ತಲೂ ಇರಲಿಲ್ಲ, ಪೂರ್ತಿ ಚಾಚುತ್ತಲೂ ಇರಲಿಲ್ಲ. ಹಾಲು ಕರೆಯಲು ಪಕ್ಕದ ಮನೆಯವರು ಬರಬೇಕಾಯಿತು. ಮುದ್ದೆ ತೊಳಸಲು ಆಗದೆ ಮನೆಯಲ್ಲಿ ಎರಡು ಹೊತ್ತೂ ಅನ್ನ. ವ್ಯಾಯಾಮಕ್ಕೆಂದು ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ದಿನವೂ ಅದನ್ನು ಅದುಮಬೇಕು. ವಾರ ಕಳೆಯುವುದರೊಳಗೆ ಆ ಚೆಂಡು ಕೊಟ್ಟಿಗೆಯಲ್ಲಿ ಕರುವಿನ ಕಾಲಡಿ ಉರುಳುತ್ತಿತ್ತು.

"ಯಾಕಮ್ಮ, ವ್ಯಾಯಾಮ ಮಾಡ್ತಿಲ್ವಾ?" ಎಂದೆ.

"ಬಾಲು ಅದುಮಿದ್ರೆ ಏನ್ ಬತ್ತದೆ ಮಗಾ? ಹಸಿನ ಮೊಲೆ ಅದುಮಿದ್ರೆ ಹಾಲಾದ್ರೂ ಬತ್ತದೆ."

"ಕೈ ಸರಿಹೋಗ್ತದೆ."

"ನೀನು ದನಿನ ಡಾಕ್ಟ್ರು. ಎಮ್ಮೆ ವಿಚಾರ ನೋಡ್ಕೋ ಹೋಗು."

ಆದರೆ ಒಳಗೊಳಗೇ ಅವರಿಗೆ ಚಿಂತೆ ಹತ್ತಿತ್ತು. ಮಗಳು ಬಂದಾಗಲೆಲ್ಲ ಮೆಲ್ಲಗೆ ಒಂದು ಮಾತು ಎತ್ತುತ್ತಿದ್ದಳು: ತೋಟವನ್ನು ಗುತ್ತಿಗೆಗೆ ಕೊಟ್ಟು, ಹಸು ಎಮ್ಮೆ ಮಾರಿ, ತುಮಕೂರಿಗೆ ಬಂದುಬಿಡಿ. ಅವಳು ಹೇಳುತ್ತಿದ್ದುದು ಪ್ರೀತಿಯಿಂದಲೇ. ಅಮ್ಮನೂ ಹಟ ಹಿಡಿಯಲಿಲ್ಲ. "ಯುಗಾದಿ ಕಳೀಲಿ. ಅಷ್ಟೊತ್ಗೆ ಕೈಯಾಗೆ ಒಂದು ಮುದ್ದೆ ಕಟ್ಟಕ್ಕಾಗ್ಲಿಲ್ಲ ಅಂದ್ರೆ ನೀನು ಹೇಳ್ದಂಗೇ ಆಗ್ಲಿ" ಎಂದುಬಿಟ್ಟರು. ಅವರು ಮಾತು ಕೊಟ್ಟರೆ ಮುಗಿಯಿತು. ತೋಟದ ಪಾಲಿಗೆ ಅದು ತೀರ್ಪು ಎಂದು ನನಗೆ ಅನ್ನಿಸಿತ್ತು.

ಆ ದಿನಗಳಲ್ಲೇ ನನ್ನ ಗಿಟಾರಿನ ಪೆಟ್ಟಿಗೆ ಬಂದದ್ದು. ಕಾಲೇಜಿನ ಕಾಲದಿಂದಲೂ ನಾನು ಗಿಟಾರು ನುಡಿಸುತ್ತಿದ್ದೆ. ಹಳೆಯದು ವರ್ಗಾವಣೆಯ ಲಾರಿಯಲ್ಲಿ ಕುತ್ತಿಗೆ ಮುರಿದುಕೊಂಡಿತ್ತು. ಈ ಸಲ ಸಿದ್ಧವಾದುದನ್ನು ಕೊಳ್ಳದೆ, ಬಣ್ಣ ಪಾಲಿಶ್ ಏನೂ ಆಗಿರದ ಬರಿ ಮರದ ಒಡಲು ಮತ್ತು ಬಿಡಿ ಭಾಗಗಳನ್ನು ತರಿಸಿದ್ದೆ. ಉಜ್ಜಿ, ಬಣ್ಣ ಹಾಕಿ, ಎಣ್ಣೆ ಕುಡಿಸಿ, ನಾನೇ ಜೋಡಿಸಬೇಕೆಂಬ ಆಸೆ. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅಮ್ಮ ಪೆಟ್ಟಿಗೆ ಬಿಚ್ಚಿಸಿ, ಆ ಬೆಳ್ಳನೆಯ ಮರವನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟುತ್ತಾ ಕೂತಿದ್ದರು.

"ಇದೇನು ಮಗಾ, ರೊಟ್ಟಿ ಮಣೆಗೆ ಕೊಂಬು ಬಂದಂಗೈತೆ."

"ಗಿಟಾರು ಅಮ್ಮ. ವೀಣೆ ಥರದ್ದು."

"ವೀಣೆಗಾದ್ರೆ ಒಳಗೆ ಟೊಳ್ಳಿರ್ತದೆ. ಇದಕ್ಕೆ ಹೊಟ್ಟೆನೇ ಇಲ್ವಲ್ಲ. ನಾದ ಎಲ್ಲಿಂದ ಬತ್ತದೆ?"

"ಇದು ಕರೆಂಟಿನ ಗಿಟಾರು. ಸ್ಪೀಕರಿಗೆ ಜೋಡಿಸ್ತೀವಿ."

"ಕರೆಂಟ್ ಹೋದ್ರೆ?"

"ಸಣ್ಣಗೆ ಕೇಳ್ತದೆ."

ಅವರು ಮತ್ತೊಮ್ಮೆ ತಟ್ಟಿ, ಕಿವಿಗೊಟ್ಟು, "ನಮ್ಮೂರ ಕರೆಂಟ್ ನಂಬ್ಕೊಂಡು ಸಂಗೀತ ಕಲಿಯಕ್ಕೆ ಹೊಂಟಿದ್ದೀಯ. ಧೈರ್ಯ ಐತೆ ಬುಡು" ಎಂದರು.

ಭಾನುವಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಉಜ್ಜಲು ಕೂತೆ. ಕೆಲಸ ನಡೆಯುವ ಕಡೆ ಅಮ್ಮ ಸುಮ್ಮನೆ ಕೂತದ್ದನ್ನು ಯಾರೂ ಕಂಡಿಲ್ಲ. ಸ್ವಲ್ಪ ಹೊತ್ತು ನೋಡಿ, "ತಾ ಇಲ್ಲಿ" ಎಂದು ಕೈ ಚಾಚಿದರು. ಮರದ ತುಂಡಿಗೆ ಉಪ್ಪುಕಾಗದ ಎನ್ನುವ ಸ್ಯಾಂಡ್‌ಪೇಪರ್ ಸುತ್ತಿ ಕೊಟ್ಟೆ. ಅವರ ಬಲಗೈ ಅದನ್ನು ಹಿಡಿಯಲಾರದೆ ಹೋಯಿತು. ಎರಡು ಸಲ ಜಾರಿತು. ಮೂರನೆಯ ಸಲ ಜಗಲಿಯಿಂದ ಕೆಳಗೆ ಬಿತ್ತು. ಅಮ್ಮ ಎದ್ದು ಹಿತ್ತಲಿಗೆ ಹೋದರು. ಬೇಜಾರಾಯಿತೇನೋ ಎಂದುಕೊಂಡೆ. ಬಂದಾಗ ಅವರ ಕೈಯಲ್ಲಿ ಕಾಯಿ ಸುಲಿದು ಒಣಗಿದ ತೆಂಗಿನ ಮಟ್ಟೆಯ ಒಂದು ಹೋಳಿತ್ತು.

"ಇದಕ್ಕೆ ಸುತ್ತು ನಿನ್ನ ಕಾಗದವ."

ಮಟ್ಟೆಯ ಉಬ್ಬಿದ ಬೆನ್ನು ಅವರ ಅರೆ ಮಡಚಿದ ಅಂಗೈಯೊಳಗೆ ಅಲ್ಲೇ ಬೆಳೆದದ್ದರ ಹಾಗೆ ಕೂತುಕೊಂಡಿತು. ಒಳಗಿನ ನಾರು ಮೆತ್ತಗೆ ಬಾಗುವುದರಿಂದ ಗಿಟಾರಿನ ಸೊಂಟದ ತಿರುವಿಗೂ ಅದು ಹೊಂದಿಕೊಳ್ಳುತ್ತಿತ್ತು. ಮರುದಿನದಿಂದ ನಾನೂ ಒಂದು ಹೋಳು ಇಟ್ಟುಕೊಂಡೆ.

ಅವರಿಗೆ ಎಲ್ಲವೂ ತಿಳಿದಿತ್ತೆಂದು ತಿಳಿಯಬೇಡಿ. ಮರದ ನಾರು ಹೋಗುವ ದಿಕ್ಕಿಗೇ ಉಜ್ಜಬೇಕು, ಅಡ್ಡಡ್ಡ ಉಜ್ಜಿದರೆ ಗೀರು ಬೀಳುತ್ತದೆ ಎಂದು ಎಷ್ಟು ಹೇಳಿದರೂ ಪಾತ್ರೆ ಬೆಳಗುವ ಹಾಗೆ ಗುಂಡಗುಂಡಗೆ ಉಜ್ಜುತ್ತಿದ್ದರು. ನಾನು ಹಾಲಿನ ಡೈರಿಗೆ ಹೋಗಿ ಬರುವಷ್ಟರಲ್ಲಿ ಮೇಲಿನ ಒಂದು ಅಂಚನ್ನು ಸವೆಸಿ ಇಳಿಜಾರು ಮಾಡಿಬಿಟ್ಟಿದ್ದರು.

"ಅಮ್ಮ, ಇದು ಹಿಂಗಿರಬಾರ್ದಿತ್ತು."

"ಚೂಪಾಗಿದ್ರೆ ತೋಳಿಗೆ ಒತ್ತಲ್ವಾ? ನಾಳೆ ನಂಗೆ ಬೈಬ್ಯಾಡ."

ಇನ್ನೊಂದು ಕಡೆಯನ್ನೂ ನೋಡಿಕೊಂಡು ಸರಿದೂಗಿಸುವುದಕ್ಕೆ ನನಗೆ ಎರಡು ಸಂಜೆ ಬೇಕಾಯಿತು. ಈಗ ನುಡಿಸುವಾಗ ನನ್ನ ಮುಂಗೈ ಆ ಇಳಿಜಾರಿನ ಮೇಲೆಯೇ ಒರಗುತ್ತದೆ. ಹಿತವಾಗಿದೆ.

ಒರಟು ಕಾಗದ ಮುಗಿಸಿ ನಯದ ಕಾಗದಕ್ಕೆ ಬಂದೆವು. ಒದ್ದೆ ಬಟ್ಟೆಯಿಂದ ಒರೆಸಿದರೆ ಮರದ ಸಣ್ಣ ನಾರುಗಳು ಎದ್ದು ನಿಲ್ಲುತ್ತವೆ; ಒಣಗಿದ ಮೇಲೆ ಅವನ್ನು ಮತ್ತೆ ಉಜ್ಜಿ ತೆಗೆಯಬೇಕು. ಇಷ್ಟು ದಿನ ಉಜ್ಜಿ ನುಣ್ಣಗೆ ಮಾಡಿದ್ದು ನೀರು ತಾಗಿದೊಡನೆ ತರಿತರಿಯಾದದ್ದು ನೋಡಿ ಅಮ್ಮ ಬೆರಗಾದರು. "ನಾಯಿ ಕಂಡ ಬೆಕ್ಕಿನಂಗೆ ಕೂದ್ಲು ಎದ್ದೈತೆ ನೋಡು" ಎಂದು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮುಟ್ಟಿಸಿದರು. ಗಿಟಾರು ಎಂದರೇನೆಂದು ತಿಳಿಯದವರೂ ಆ ವಾರ ನಮ್ಮ ಜಗಲಿಗೆ ಬಂದು ಮರ ಸವರಿ, ತಮಗೆ ತೋಚಿದ್ದು ಹೇಳಿ ಹೋದರು. ಹೆಚ್ಚಿನವರು ಹೇಳಿದ್ದು ಒಂದೇ: ಎಣ್ಣೆ ಹಚ್ಚಿ.

ಎಣ್ಣೆಯ ವಿಷಯದಲ್ಲಿ ನಮಗೆ ಮೊದಲೇ ವಾದವಾಗಿತ್ತು. ತಿಪಟೂರು ಸೀಮೆಯಲ್ಲಿ ಎಣ್ಣೆ ಎಂದರೆ ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆ ಎಂದೂ ಒಣಗುವುದಿಲ್ಲ, ಮರದ ಮೇಲೆ ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ, ಇದಕ್ಕೆ ಒಣಗುವ ಎಣ್ಣೆ ಬೇಕು, ಪೇಂಟ್ ಅಂಗಡಿಯ ಅಗಸೆ ಎಣ್ಣೆ ತರುತ್ತೇನೆ ಎಂದಿದ್ದೆ. ಅಮ್ಮನ ಮುಖ ನೋಡಬೇಕಿತ್ತು. ಅವರ ಮನೆದೇವರನ್ನು ಬೈದಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

"ನಾವು ಹುಟ್ಟಿದ್ದಕ್ಕೂ ಅದೇ ಎಣ್ಣೆ, ಬಾಣಂತಿಗೂ ಅದೇ ಎಣ್ಣೆ, ಬಾಗ್ಲಿಗೂ ಅದೇ ಎಣ್ಣೆ. ನಿನ್ನ ಹಲಗೆಗೆ ಮಾತ್ರ ಆಗಲ್ವಾ?"

"ಬಣ್ಣ ಹಿಡಿಯಲ್ಲ ಅಮ್ಮ. ದಯವಿಟ್ಟು ಹಚ್ಬೇಡಿ."

"ಹಚ್ಚಲ್ಲ ಬುಡು. ನಿನ್ ಸಾಮಾನು."

ಆಮೇಲೆ ಬಣ್ಣದ ಮಾತು ಬಂತು. ಅಂಗಡಿಯ ಬಣ್ಣ ತರಲು ನಾನು ಹೊರಟಾಗ ಅಮ್ಮ ತಡೆದರು. "ನಮ್ ಚೊಗರು ಇರ್ಬೇಕಾದ್ರೆ ಡಬ್ಬಿ ಬಣ್ಣ ಯಾಕೆ?" ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಮಂದ ಕೆಂಪು ರಸವೇ ಚೊಗರು. ಅಡಿಕೆಗೆ ಬಣ್ಣ ಕೊಡುವುದು ಅದೇ. ಬಟ್ಟೆಗೆ ಬಿದ್ದರೆ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ. ಕೈ ಹೀಗಾಗಿ ಆ ವರ್ಷ ಮನೆಯಲ್ಲಿ ಅಡಿಕೆ ಬೇಯಿಸಿರಲಿಲ್ಲ; ತುರುವೇಕೆರೆಯ ಕಡೆಯ ನೆಂಟರ ಮನೆಯಿಂದ ಒಂದು ಕ್ಯಾನು ತರಿಸಿದರು. ಪೆಟ್ಟಿಗೆಯ ಜೊತೆ ಬಂದಿದ್ದ ತುಂಡು ಮರಕ್ಕೆ ಹಚ್ಚಿ ನೋಡಿದೆವು. ಬೆಳ್ಳನೆ ಮರ ನಮ್ಮ ಕಣ್ಣೆದುರೇ ಸಂಜೆಯ ಕೆರೆ ಏರಿಯ ಮಣ್ಣಿನ ಬಣ್ಣಕ್ಕೆ ತಿರುಗಿತು. ನಾನು ಮಾತಿಲ್ಲದೆ ಒಪ್ಪಿಕೊಂಡೆ. ಆ ದಿನ ಅಮ್ಮ ಎಮ್ಮೆಗೂ ಆ ಸುದ್ದಿ ಹೇಳಿದರು.

ಬಣ್ಣ ಹಾಕುವ ಮೊದಲು ಕಾಲುಬಾಯಿ ರೋಗದ ಲಸಿಕೆಗೆಂದು ನಾನು ಕೆಲವು ದಿನ ಹಳ್ಳಿಗಳನ್ನು ಸುತ್ತಬೇಕಾಯಿತು. ಮರಳಿ ಬಂದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಕೂತೆವು. ಮೃದುವಾದ ಬಟ್ಟೆಯನ್ನು ಚೊಗರಿನಲ್ಲಿ ಅದ್ದಿ, ಹಿಂಡಿ, ಮರದ ಉದ್ದಕ್ಕೆ ಎಳೆಯುತ್ತಾ ಹೋದೆ. ಮುಂಭಾಗ ಚೆನ್ನಾಗಿ ಬಂತು. ಹಿಂಭಾಗ ತಿರುಗಿಸಿ ಬಳಿದಾಗ ನಡುವೆ ಒಂದು ಕಡೆ ಬಣ್ಣ ಹಿಡಿಯಲಿಲ್ಲ. ಮತ್ತೆ ಬಳಿದೆ. ಸುತ್ತಲೂ ಕೆಂಪಾಗುತ್ತಾ ಹೋದ ಹಾಗೆ ನಡುವೆ ಬಿಳಿಯ ಗುರುತೊಂದು ಸ್ಪಷ್ಟವಾಗುತ್ತಾ ಬಂತು. ಒಂದು ಕೈ.

ಅಮ್ಮ ತಲೆ ತಗ್ಗಿಸಿದರು. ಬೆಳಿಗ್ಗೆ ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುವುದು ಅವರ ರೂಢಿ. ನಾನಿಲ್ಲದಾಗ ಒಂದು ದಿನ ಹಾಗೇ ಜಗಲಿಗೆ ಬಂದು ಮರದ ಮೇಲೆ ಕೈ ಇಟ್ಟಿದ್ದಾರೆ.

"ನಾನು ಹಚ್ಲಿಲ್ಲ ಮಗಾ. ಕೈ ಹಚ್ತು."

ನನಗೆ ನಗು ಬಂತು. ಅಮ್ಮನೂ ನಗುತ್ತಾರೆಂದು ಕಾದೆ. ಅವರು ಆ ಗುರುತನ್ನೇ ನೋಡುತ್ತಿದ್ದರು. ಅದು ಪೂರ್ತಿ ಕೈಯ ಗುರುತಾಗಿರಲಿಲ್ಲ. ಅಂಗೈಯ ಬುಡ ಒಂದು ಕಡೆ, ಬೆರಳ ತುದಿಗಳು ಇನ್ನೊಂದು ಕಡೆ. ನಡುವೆ ಏನೂ ಇರಲಿಲ್ಲ. ಚಾಚಲಾಗದ ಬೆರಳುಗಳ ನಡುಭಾಗ ಮರವನ್ನು ಮುಟ್ಟಿಯೇ ಇರಲಿಲ್ಲ.

"ನನ್ ಕೈ ಹಿಂಗಾಗೈತಾ?" ಎಂದರು.

ಅಷ್ಟು ದಿನ ಆ ಕೈಯನ್ನು ಹೊತ್ತುಕೊಂಡು ತಿರುಗಿದವರು ಅವರೇ. ಆದರೆ ಹೀಗೆ ಬಿಡಿಸಿ ಎದುರಿಗಿಟ್ಟದ್ದನ್ನು ಅಂದೇ ನೋಡಿದ್ದು.

ಸಮಾಧಾನಕ್ಕೆಂದು, "ಇರ್ಲಿ ಬಿಡಿ ಅಮ್ಮ. ನಿಮ್ಮ ಗುರುತು ಅಂತ ಹಂಗೇ ಇಟ್ಕೋತೀನಿ. ಹಿಂದ್ಗಡೆ ತಾನೆ" ಎಂದೆ. ಮಾತಿಗೆ ಹೇಳಿದ್ದಲ್ಲ, ನನಗೆ ನಿಜವಾಗಿ ಹಾಗೆ ಅನ್ನಿಸಿತ್ತು.

"ಯಾಕಿಟ್ಕೋತೀಯ? ಮುರುಕ್ ಕೈ ಗುರುತು ಇಟ್ಕೊಂಡು ಪೂಜೆ ಮಾಡ್ತೀಯಾ? ತಾ ಇಲ್ಲಿ ಉಪ್ಪುಕಾಗದ. ನಾನೇ ತೆಗೀತೀನಿ."

ಥಿನ್ನರಿನಿಂದ ಎಣ್ಣೆಯ ಜಿಡ್ಡು ಒರೆಸಿ ಕೊಟ್ಟೆ. ಅಮ್ಮ ಮಟ್ಟೆ ಹೋಳಿಗೆ ಕಾಗದ ಸುತ್ತಿಕೊಂಡು ಕೂತರು. ಆ ದಿನದಿಂದ ಅವರ ಉಜ್ಜುವ ರೀತಿಯೇ ಬದಲಾಯಿತು. ಗುಂಡಗುಂಡಗೆ ಉಜ್ಜುವುದನ್ನು ಬಿಟ್ಟರು. ನಾರಿನ ಉದ್ದಕ್ಕೆ, ಮೆಲ್ಲಗೆ, ಹಿಂದೆ ಮುಂದೆ. ನೋವಾದಾಗ ನಿಲ್ಲಿಸಿ, ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಬಂದು ಮತ್ತೆ ಕೂರುವರು. ನಾನು ಆಸ್ಪತ್ರೆಗೆ ಹೋಗುವಾಗಲೂ ಬರುವಾಗಲೂ ಜಗಲಿಯಿಂದ ಸರ್ ಸರ್ ಎಂಬ ಸದ್ದು. ನಿಜ ಹೇಳಬೇಕೆಂದರೆ ಗುರುತು ಬೇಗನೇ ಹೋಗಿತ್ತು. ಅದು ಹೋದ ಮೇಲೂ ಅವರು ನಿಲ್ಲಿಸಲಿಲ್ಲ. ಹಿಂಭಾಗವೆಲ್ಲ ಒಂದೇ ಸಮ ಬರಬೇಕು ಎನ್ನುವುದು ನೆಪ. ನಾನೂ ನೆಪ ಎಂದು ಹೇಳಲಿಲ್ಲ. ಮೊದಲು ಮಟ್ಟೆಯ ದೊಡ್ಡ ಹೋಳು. ಆಮೇಲೆ ಅದರಿಂದ ಸೀಳಿಕೊಂಡ ತೆಳ್ಳನೆಯ ಹೋಳು. ಕಡೆಗೆ ಒಂದು ಸಂಜೆ ನೋಡಿದರೆ ಮಟ್ಟೆಯೇ ಇಲ್ಲ, ಬರೀ ಮಡಚಿದ ಕಾಗದವನ್ನು ಬೆರಳುಗಳಲ್ಲಿ ಒತ್ತಿ ಹಿಡಿದು ಉಜ್ಜುತ್ತಿದ್ದಾರೆ. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

"ಏನ್ ನೋಡ್ತೀಯ? ಎಮ್ಮೆ ಮೇವು ತಿಂತಿಲ್ಲ, ಅದನ್ ನೋಡು ಹೋಗು."

ಎಮ್ಮೆ ಚೆನ್ನಾಗಿಯೇ ಮೇವು ತಿನ್ನುತ್ತಿತ್ತು.

ಎರಡನೆಯ ಸಲ ಹಚ್ಚಿದ ಚೊಗರು ಹಿಂದೆ ಮುಂದೆ ಒಂದೇ ಸಮ ಹಿಡಿಯಿತು. ಆಮೇಲೆ ತಿಪಟೂರಿಗೆ ಹೋಗಿ ಅಗಸೆ ಎಣ್ಣೆ ತಂದೆವು. ಪೇಂಟ್ ಅಂಗಡಿಯವರು ಅಮ್ಮನಿಗೆ ಪರಿಚಯದವರು. "ಏನಮ್ಮಾವ್ರೇ, ಬಾಗ್ಲು ಮಾಡಿಸ್ತಿದ್ದೀರಾ?" ಎಂದು ಕೇಳಿದರು. ಅಮ್ಮ ಗಂಭೀರವಾಗಿ, "ಇಲ್ಲ ಕಣಪ್ಪ, ಗಿಟಾರು" ಎಂದರು. ಅವರು ಡಬ್ಬಿ ಕೆಳಗಿಟ್ಟು, "ಅದಕ್ಕೆ ಕೊಬ್ಬರಿ ಎಣ್ಣೆ ಆಗಲ್ವಾ?" ಎಂದರು. ಅಮ್ಮ ಅವರಿಗೆ ಒಣಗುವ ಎಣ್ಣೆ ಯಾವುದು, ಒಣಗದ ಎಣ್ಣೆ ಯಾವುದು, ಬಣ್ಣ ಯಾಕೆ ಹಿಡಿಯುವುದಿಲ್ಲ ಎಂಬುದನ್ನೆಲ್ಲ ವಿವರಿಸಿ ಹೇಳಿದ ರೀತಿ ನೋಡಿದರೆ, ಕೊಬ್ಬರಿ ಎಣ್ಣೆಯ ಪರವಾಗಿ ನನ್ನ ಜೊತೆ ಜಗಳಕ್ಕೆ ನಿಂತವರು ಬೇರೆ ಯಾರೋ ಇರಬೇಕು.

ಎಣ್ಣೆ ಕುಡಿಸುವುದು ಸುಖದ ಕೆಲಸ. ಬಟ್ಟೆಯಲ್ಲಿ ತೆಳ್ಳಗೆ ಸವರಬೇಕು, ಮರ ಕುಡಿದಷ್ಟು ಕುಡಿಯಲು ಬಿಡಬೇಕು, ಮಿಕ್ಕಿದ್ದನ್ನು ಒರೆಸಿ ತೆಗೆಯಬೇಕು, ಆಮೇಲೆ ಒಣಗಲು ಇಡಬೇಕು. ಮೊದಲ ಸಲ ಎಣ್ಣೆ ತಾಗಿದಾಗ ಮಂಕಾಗಿದ್ದ ಕೆಂಪು ಒಮ್ಮೆಲೇ ಆಳವಾಯಿತು. ಅದುವರೆಗೆ ಕಾಣದಿದ್ದ ಗೆರೆಗಳು, ನೀರಿನ ಅಲೆಯ ಹಾಗೆ, ಮರದೊಳಗಿನಿಂದ ಮೇಲೆ ಬಂದವು. ಅಮ್ಮ ಹತ್ತಿರ ಬಗ್ಗಿ ಗೆರೆ ಗೆರೆಯನ್ನೂ ನೋಡಿದರು. ಕಡೆಗೆ, "ಇಷ್ಟೊಂದು ಒಳಗೆ ಇಟ್ಕೊಂಡಿತ್ತಾ ಇದು" ಎಂದರು.

ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು, ಹರಡಿ ಒಣಗಿಸಬೇಕು ಎಂದು ಹೇಳಿದ್ದೆ. ಅಮ್ಮ ಅವನ್ನು ತಮ್ಮ ಸೀರೆಗಳ ಜೊತೆ ಒಂದೊಂದಾಗಿ ತಂತಿಯ ಮೇಲೆ ಹರಡಿ ಕ್ಲಿಪ್ ಹಾಕುತ್ತಿದ್ದರು. "ಯಾರ ಮನೆ ಕೂಸಿನ ಬಟ್ಟೆ?" ಎಂದು ಎದುರು ಮನೆಯವರು ಕೇಳಿದರಂತೆ. "ಡಾಕ್ಟ್ರ ಕೂಸು. ಇನ್ನೂ ಅಳೋದು ಕಲ್ತಿಲ್ಲ" ಎಂದರಂತೆ ಇವರು.

ಪ್ರತಿ ಸಲ ಎಣ್ಣೆ ಒಣಗುವವರೆಗೂ ಕಾಯುವುದು ನನಗೆ ಕಷ್ಟವಾಗುತ್ತಿತ್ತು. ಗಳಿಗೆಗೊಮ್ಮೆ ಬೆರಳಿಟ್ಟು ನೋಡುತ್ತಿದ್ದೆ. ಅಮ್ಮ ನನ್ನನ್ನು ಅಟ್ಟದ ಏಣಿಯ ಹತ್ತಿರ ಕರೆದೊಯ್ದರು. ಮೇಲೆ ಸಿಪ್ಪೆ ಸುಲಿಯದ ಕಾಯಿಗಳ ರಾಶಿ. ಆ ಸೀಮೆಯ ಉಂಡೆ ಕೊಬ್ಬರಿ ಬಿಸಿಲಿಗೆ ಒಣಗಿಸುವುದಲ್ಲ; ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡಬೇಕು.

"ಇವು ಹೋದ ವರ್ಷದವು. ಯಾರಾದ್ರೂ ಹೋಗಿ ಒಂದೊಂದ್ನೂ ಒಡೆದು ನೋಡ್ತಾರಾ? ಕೂತ್ಕೋ. ಒಣಗ್ತದೆ."

ಯುಗಾದಿ ಕಳೆದ ವಾರ ಮಗಳು ಬಂದಳು. ಬರುತ್ತಾಳೆಂದು ಅಮ್ಮನಿಗೆ ಮೊದಲೇ ಗೊತ್ತಿತ್ತು. ಆ ಮಧ್ಯಾಹ್ನ ನನ್ನನ್ನೂ ಊಟಕ್ಕೆ ಕರೆದರು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅಮ್ಮ ರಾಗಿ ಹಿಟ್ಟು ಹಾಕಿ ಬೇಯಿಸಿ, ಪಾತ್ರೆಯನ್ನು ಕೆಳಗಿಳಿಸಿ ಬಟ್ಟೆ ಸುತ್ತಿ ಕಾಲುಗಳ ನಡುವೆ ಒತ್ತಿ ಹಿಡಿದು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತೊಳಸಲು ಶುರು ಮಾಡಿದರು. ಮಗಳು ಎದ್ದು ಹೋಗಲು ನೋಡಿದಳು. ನಾನು ಬೇಡವೆಂದು ಕಣ್ಸನ್ನೆ ಮಾಡಿ ಕೂರಿಸಿದೆ. ಅಮ್ಮನ ಹಣೆಯ ಮೇಲೆ ಬೆವರು, ತುಟಿ ಬಿಗಿದಿತ್ತು. ನಡುವೆ ಒಮ್ಮೆ ಬಲಗೈ ಕೋಲನ್ನು ಬಿಟ್ಟೇಬಿಟ್ಟಿತು. ಅವರು ಕೈ ಝಾಡಿಸಿ, ಬೆರಳುಗಳನ್ನು ಒಂದೊಂದಾಗಿ ಕೋಲಿನ ಸುತ್ತ ಕೂರಿಸಿ, ಮತ್ತೆ ತಿರುಗಿಸಿದರು. ಆಮೇಲೆ ಮಣೆಯ ಮೇಲೆ ನೀರು ಚಿಮುಕಿಸಿ, ಬಿಸಿ ಹಿಟ್ಟು ಹಾಕಿ, ಎರಡು ಅಂಗೈಗಳ ನಡುವೆ ಉರುಳಿಸಿದರು.

ಮೊದಲ ಮುದ್ದೆ ಮಗಳ ತಟ್ಟೆಗೆ ಬಿತ್ತು. ಸ್ವಲ್ಪ ಸೊಟ್ಟಗಿತ್ತು. ಅವಳು ಅದನ್ನೇ ನೋಡುತ್ತಾ ಕೂತಳು. ಕಣ್ಣು ತುಂಬಿ ಬಂದಿತ್ತು.

"ಗಂಟಿಲ್ಲ ತಿನ್ನು" ಎಂದರು ಅಮ್ಮ.

ಗುತ್ತಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಊಟವಾದ ಮೇಲೆ ಮಗಳೇ ತೋಟಕ್ಕೆ ಹೋಗಿ, ನಾಲೆ ಬದಿಯಲ್ಲಿ ಹೊಸ ಸಸಿ ಹಾಕಬೇಕಾದ ಗುಂಡಿಗಳನ್ನು ನೋಡಿಕೊಂಡು ಬಂದಳು. ಅಮ್ಮ ಹೋಗುವ ದಿನದವರೆಗೂ ತೋಟವನ್ನು ಅವರೇ ನೋಡಿಕೊಂಡರು. ಆಮೇಲೆಯೂ ಮಗಳು ಅದನ್ನು ಬೇರೆಯವರಿಗೆ ಬಿಟ್ಟಿಲ್ಲ.

ಕೊನೆಯ ಕೋಟು ಎಣ್ಣೆ ಒಣಗಿ ಗಟ್ಟಿಯಾದ ಮೇಲೆ ನಾನು ಗಿಟಾರಿಗೆ ಕುತ್ತಿಗೆ ಕೂಡಿಸಿ, ತಂತಿ ಎಳೆದು, ಒಂದು ಸಂಜೆ ಜಗಲಿಗೆ ತಂದೆ. ಪುಟ್ಟ ಸ್ಪೀಕರಿಗೆ ಜೋಡಿಸಿ, ನನಗೆ ಬರುತ್ತಿದ್ದ ಒಂದೆರಡು ಧಾಟಿಗಳನ್ನು ನುಡಿಸಿದೆ. ಅಮ್ಮ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ನನ್ನ ಬಲಗೈ ಎಲ್ಲಿ ಆಡುತ್ತಿತ್ತೋ ಆ ಜಾಗವನ್ನೇ ನೋಡುತ್ತಿದ್ದರು.

"ಆ ಕೈ ಕೆಲ್ಸ ನಾನು ಮಾಡ್ಲಾ?"

ಗಿಟಾರನ್ನು ಇಬ್ಬರ ತೊಡೆಯ ಮೇಲೂ ಅಡ್ಡ ಇಟ್ಟುಕೊಂಡೆವು. ನಾನು ಎಡಗೈಯಲ್ಲಿ ತಂತಿಗಳನ್ನು ಒತ್ತಿ ಹಿಡಿದೆ. ಅಮ್ಮ ಬಲಗೈಯನ್ನು ಎತ್ತಿ, ಮೊದಲು ಹೆದರಿ ಹೆದರಿ, ಬೆರಳ ಬೆನ್ನಿನಿಂದ ಮೇಲಿಂದ ಕೆಳಗೆ ಎಳೆದರು. ಸ್ಪೀಕರಿನಿಂದ ಜಗಲಿ ತುಂಬ ಸ್ವರ ಎದ್ದಿತು. ಕೊಟ್ಟಿಗೆಯಲ್ಲಿ ಎಮ್ಮೆ ತಲೆ ಎತ್ತಿತು. ಅಮ್ಮ ಕೈ ಹಿಂದಕ್ಕೆ ತೆಗೆದು ನನ್ನ ಮುಖ ನೋಡಿ, ಮತ್ತೆ ಎಳೆದರು. ನಾನು ಎಡಗೈ ಬೆರಳು ಬದಲಿಸಿದೆ, ಸ್ವರ ಬದಲಾಯಿತು. ಮತ್ತೆ ಎಳೆದರು. ಮಣಿಕಟ್ಟು ಮೇಲೆ ಕೆಳಗೆ, ಮೇಲೆ ಕೆಳಗೆ, ಬರಬರುತ್ತಾ ಸಲೀಸಾಗಿ, ಬೇಗ ಬೇಗ ಓಡತೊಡಗಿತು. ನಾನು ತಾಳ ಹಿಡಿಯಲು ಹೆಣಗುತ್ತಿದ್ದೆ.

ತಿಪಟೂರಿನ ಬಸ್ಸು ಬಂದು ನಿಂತಿತು. ಇಳಿದವರು ಚೀಲ ಹಿಡಿದುಕೊಂಡು ಅಲ್ಲೇ ನಿಂತರು. ಕಂಡಕ್ಟರು ವಿಸಿಲ್ ಊದುವುದನ್ನು ಮರೆತು ಬಾಗಿಲಲ್ಲಿ ಬಗ್ಗಿ ನೋಡಿದರು. ಅಮ್ಮ ಕೈ ನಿಲ್ಲಿಸದೆಯೇ ತಲೆ ಎತ್ತಿ, "ನಿಂತ್ಕೊಂಡು ಏನ್ ನೋಡ್ತೀರ, ಬಂದು ಕೂತ್ಕೊಳ್ಳಿ. ಇನ್ನೂ ಕಲೀತಾ ಇದ್ದೀನಿ" ಎಂದರು.

ಅಷ್ಟರಲ್ಲಿ ನನ್ನ ಬೆರಳೊಂದು ಜಾರಿ ಒಂದು ತಂತಿ ಕಿರ್ರೆಂದಿತು. ಅಮ್ಮ ನನ್ನ ಕಡೆ ತಿರುಗಿದರು.

"ಸರಿಯಾಗಿ ಒತ್ತು ಮಗಾ. ತಪ್ಪೆಲ್ಲ ನಿನ್ ಕಡೆಯಿಂದಾನೇ ಬತ್ತಾ ಐತೆ."

ನಾನು ಸರಿಯಾಗಿ ಒತ್ತಿದೆ.